ಒಕ್ಕಲುತನದಲ್ಲಿ ಆಳು ಮತ್ತು ತಾಸಿನ ಲೆಕ್ಕ: ವಹಿಯಿಂದ ಮೊಬೈಲಿನ ಹಾಳೆಗೆ

ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಔಷಧಿಗೆ ಎಷ್ಟು ಖರ್ಚಾಯಿತು ಎಂದು ಕೇಳಿದರೆ ನಮ್ಮ ರೈತರು ತಡವರಿಸದೆ ಹೇಳುತ್ತಾರೆ. ಅಂಗಡಿಯ ಚೀಟಿ ಇರುತ್ತದೆ, ಸಾಲದ ಪುಸ್ತಕ ಇರುತ್ತದೆ. ಆದರೆ ಅದೇ ಹೊಲಕ್ಕೆ ಒಟ್ಟು ಎಷ್ಟು ಆಳು ಬಿದ್ದವು, ಅವುಗಳಲ್ಲಿ ಕೂಲಿಯವರೆಷ್ಟು, ಮನೆಯವರೆಷ್ಟು, ಯಾವ ಕೆಲಸ ಯಾವ ವಾರದಲ್ಲಿ ಆಳಿಲ್ಲದೆ ನಿಂತಿತು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ದುಡ್ಡು ಕೈಬಿಟ್ಟು ಹೋಗುವಾಗ ಕಣ್ಣಿಗೆ ಕಾಣುತ್ತದೆ. ಹೊತ್ತು ಹೋಗುವುದು ಕಾಣುವುದಿಲ್ಲ.

ಇಂದು ಬೇಸಾಯದಲ್ಲಿ ಅತಿ ದುರ್ಲಭವಾಗಿರುವುದು ಆಳಿನ ಹೊತ್ತು. ಪೇಟೆಯ ಸಣ್ಣ ಉದ್ದಿಮೆಗಳವರು ಕೆಲಸದ ಯೋಜನೆಗೂ ವೇಳೆಯ ಲೆಕ್ಕಕ್ಕೂ ಅಂತರ್ಜಾಲದ ಸಾಧನಗಳನ್ನು ಬಳಸುತ್ತಿದ್ದಾರೆ. ಐದಾರು ಎಕರೆಯ ಒಕ್ಕಲುತನವೂ ಒಂದು ಸಣ್ಣ ಉದ್ದಿಮೆಯೇ. ಆದರೆ ಕಚೇರಿಗೆಂದು ಮಾಡಿದ ಸಾಧನ ಹೊಲಕ್ಕೆ ಹಾಗೆಯೇ ಹೊಂದುವುದಿಲ್ಲ. ಅದರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಬೆಳೆಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಕಾಯುವ ಕೆಲಸ, ಕಾಯದ ಕೆಲಸ

ಕೆಲಸದ ಯೋಜನೆ ಎಂದರೆ ಹೊಸ ವಿದ್ಯೆಯೇನೂ ಅಲ್ಲ. ರೋಹಿಣಿಗೆ ಏನು, ಮಿರಗಕ್ಕೆ ಏನು, ಆರಿದ್ರಕ್ಕೆ ಏನು ಎಂದು ಮಳೆ ನಕ್ಷತ್ರಗಳ ಮೇಲೆ ಕೆಲಸ ಹಂಚಿಕೊಂಡು ಬಂದವರು ನಾವು. ಪಶ್ಚಿಮದ ಕಾರ್ಖಾನೆಗಳಲ್ಲಿ ಇದಕ್ಕೊಂದು ಪಟದ ರೂಪ ಬಂದದ್ದು 1910ರ ದಶಕದಲ್ಲಿ. ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರು ಒಂದೊಂದು ಕೆಲಸಕ್ಕೆ ಒಂದೊಂದು ಗೆರೆ ಎಳೆದು, ಅದು ಯಾವ ದಿನ ಶುರುವಾಗಿ ಯಾವ ದಿನ ಮುಗಿಯಬೇಕೆಂದು ತೋರಿಸುವ ಪಟವನ್ನು ಬಳಕೆಗೆ ತಂದರು. 1957ರಲ್ಲಿ ಡ್ಯೂಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು: ಹತ್ತಾರು ಕೆಲಸಗಳಲ್ಲಿ ಕೆಲವು ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುತ್ತದೆ, ಉಳಿದವು ನಾಲ್ಕು ದಿನ ತಡವಾದರೂ ಏನೂ ಕೆಡುವುದಿಲ್ಲ. ಮೊದಲನೆಯವನ್ನು ಗುರುತಿಸಿ ಆಳನ್ನು ಅವಕ್ಕೇ ಮೊದಲು ಕೊಡಬೇಕು. ಇಂದಿನ ಮೊಬೈಲ್ ಸಾಧನಗಳ ಹಿಂದೆ ಇರುವುದು ಇದೇ ಎರಡು ವಿಚಾರ.

ಶಿಗ್ಗಾವಿ ಭಾಗದ ಗೋವಿನಜೋಳವನ್ನು ನೋಡಿರಿ. ಅಟ್ರಾಜಿನ್ ಕಳೆನಾಶಕವನ್ನು ಬಿತ್ತಿದ ಎರಡು-ಮೂರು ದಿನಗಳೊಳಗೆ, ಕಳೆ ಮೊಳೆಯುವ ಮುನ್ನ, ಮಣ್ಣಿನಲ್ಲಿ ತೇವ ಇರುವಾಗ ಸಿಂಪಡಿಸಬೇಕು. ಪಂಪು ನೆರೆಯವರ ಮನೆಯಲ್ಲಿದ್ದು ಒಂದು ವಾರ ಕಳೆದರೆ ಆ ಕೆಲಸದ ಹೊತ್ತು ಮೀರಿತು. ಮುಂದೆ ಆ ಹೊಲಕ್ಕೆ ಕಳೆ ತೆಗೆಯುವ ಆಳಿನ ಖರ್ಚು ಬೀಳುತ್ತದೆ. ಸೈನಿಕ ಹುಳುವಿನ ಮಾತೂ ಹಾಗೆಯೇ. 2018ರಲ್ಲಿ ಪಕ್ಕದ ಶಿವಮೊಗ್ಗ ಭಾಗದಲ್ಲಿ ದೇಶದಲ್ಲೇ ಮೊದಲು ಕಂಡ ಈ ಹೊಸ ಸೈನಿಕ ಹುಳು ಸುಳಿಯೊಳಗೆ ಸೇರಿ ಬಲಿತ ಮೇಲೆ ಸಿಂಪರಣೆಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಬೆಳೆ ಎಳೆಯದಿರುವಾಗ ಹೊಲ ಸುತ್ತಿ ನೋಡುವ ಅರ್ಧ ತಾಸು ಕಾಯದ ಕೆಲಸ. ಒಡ್ಡಿನ ದುರಸ್ತಿ, ಹಗೇವು ಅಥವಾ ಉಗ್ರಾಣದ ಕೆಲಸ, ಕೊಟ್ಟಿಗೆ ಗೊಬ್ಬರದ ಗುಂಡಿ ತೆಗೆಯುವುದು ಇವೆಲ್ಲ ಕಾಯುವ ಕೆಲಸಗಳು. ಆದರೂ ಆಳು ಸಿಕ್ಕ ದಿನ ಕಣ್ಣೆದುರಿಗೆ ಕಂಡ ಕೆಲಸಕ್ಕೆ ಕಳಿಸಿಬಿಡುವ ರೂಢಿ ನಮ್ಮಲ್ಲಿದೆ.

ಹಾನಗಲ್ಲಿನ ಕೂರಿಗೆ ಭತ್ತದಲ್ಲಿ ಈ ಬಿಕ್ಕಟ್ಟು ಇನ್ನೂ ತೀವ್ರ. ಮುಂಗಾರು ಬಲಿಯುವ ಮುನ್ನ ಕೂರಿಗೆಯಿಂದ ಬಿತ್ತಿ, ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ನೀರು ನಿಲ್ಲಿಸುವ ಪದ್ಧತಿ ಇಲ್ಲಿ ಹಳೆಯದು. ನೀರು ನಿಲ್ಲುವವರೆಗೆ ಭತ್ತದ ಜೊತೆ ಕಳೆಯೂ ಏಳುತ್ತದೆ. ಎಡೆ ಹೊಡೆಯಲು ಮಳೆ ಬಿಡುವು ಕೊಡಬೇಕು, ಬಿಡುವು ಕೊಟ್ಟ ಎರಡು ದಿನ ಊರಿಗೆ ಊರೇ ಆಳು ಹುಡುಕುತ್ತಿರುತ್ತದೆ. ಅದೇ ವಾರ ಹಿರೇಕೆರೂರಿನ ಹತ್ತಿಯಲ್ಲೂ ಶಿಗ್ಗಾವಿಯ ಜೋಳದಲ್ಲೂ ಕಳೆ ತೆಗೆಯುವ ಕೆಲಸ ಬಂದಿರುತ್ತದೆ. ಕೂಲಿಯವರನ್ನು ತುಂಬಿಕೊಂಡು ಗಾಡಿಗಳು ಊರಿಂದೂರಿಗೆ ಓಡಾಡುವುದು ಆಗಲೇ.

ಸವಣೂರಿನ ಎಲೆಬಳ್ಳಿ ತೋಟದ ಲಯ ಬೇರೆ. ಅಲ್ಲಿ ಎರಡು ವಾರದ ನೂಕುನುಗ್ಗಲು ಇಲ್ಲ. ವರ್ಷವಿಡೀ ಎಲೆ ಕೊಯ್ಯುವುದು, ಬಳ್ಳಿ ಕಟ್ಟುವುದು, ಬಳ್ಳಿ ಇಳಿಸುವುದು, ನೀರು ಹಾಯಿಸುವುದು ನಡೆದೇ ಇರುತ್ತದೆ. ಕೆಲಸ ದಿನವೂ ಸ್ವಲ್ಪ ಸ್ವಲ್ಪ ಇರುವುದರಿಂದಲೇ ಅದರ ಲೆಕ್ಕ ಯಾರೂ ಇಡುವುದಿಲ್ಲ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಮಾತ್ರ ಎಷ್ಟು ಹೊತ್ತು ಆ ತೋಟದೊಳಗೆ ಹೋಗಿದೆ ಎಂಬುದು ತಿಳಿದೀತು.

ಬೀಜದ ಪ್ಲಾಟಿನಲ್ಲಿ ಗಡಿಯಾರವೇ ಯಜಮಾನ

ವೇಳೆಯ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಸಂಕರಣ ಬೀಜೋತ್ಪಾದನೆಯಲ್ಲಿ. 1972ರಲ್ಲಿ ಧಾರವಾಡದ ಸಂಶೋಧನೆಯಿಂದ ಹೊರಬಂದ ವರಲಕ್ಷ್ಮಿ ಹತ್ತಿಯ ಕಾಲದಿಂದ ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜ ಬೆಳೆಯುವುದು ಈ ಸೀಮೆಗೆ ಪರಿಚಿತ. ಮುಂದೆ ರಾಣೇಬೆನ್ನೂರು, ಹಿರೇಕೆರೂರು ಭಾಗದಲ್ಲಿ ಹತ್ತಿಯ ಜೊತೆಗೆ ತರಕಾರಿ ಬೀಜದ ಪ್ಲಾಟುಗಳೂ ಹಬ್ಬಿದವು.

ಹತ್ತಿಯ ಕ್ರಾಸಿಂಗ್ ಕೆಲಸದ ಕ್ರಮ ಹೀಗಿದೆ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ದಳ ಮತ್ತು ಗಂಡು ಭಾಗವನ್ನು ಬಿಡಿಸಿ ತೆಗೆದು, ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂ ತಂದು ಆ ಶಲಾಕೆಗೆ ಪರಾಗ ಸವರಬೇಕು. ಬೆಳಗಿನ ಹೊತ್ತು ಮೀರಿ ಮಧ್ಯಾಹ್ನವಾದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಹಿಂದಿನ ಸಂಜೆ ಆಳು ಸಾಲದೆ ಬಿಟ್ಟುಹೋದ ಮೊಗ್ಗುಗಳು ತಾವಾಗಿಯೇ ಅರಳಿ ಸ್ವಂತ ಪರಾಗದಿಂದ ಕಾಯಿ ಕಟ್ಟಿದರೆ ಬೀಜದ ಶುದ್ಧತೆ ಕೆಡುತ್ತದೆ. ಆದ್ದರಿಂದ ಅವನ್ನು ಹುಡುಕಿ ಕಿತ್ತು ಹಾಕಬೇಕು. ಗಂಡು ಬಂಜೆತನವಿರುವ ತಾಯಿ ಸಾಲನ್ನು ಕೊಟ್ಟಿದ್ದರೆ ಮಧ್ಯಾಹ್ನದ ಕೆಲಸ ತಪ್ಪುತ್ತದೆ, ಬೆಳಗಿನದು ತಪ್ಪುವುದಿಲ್ಲ. ಈ ಕೆಲಸ ಎರಡು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಬ್ಬ ಹುಣ್ಣಿಮೆ ಎನ್ನದೆ ನಡೆಯಬೇಕು.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ತಿಳಿವಳಿಕೆಗೆಂದು ಇಟ್ಟುಕೊಂಡವು. ತಮ್ಮ ಅಂಕಿಯನ್ನು ತಾವೇ ಹಾಕಿಕೊಳ್ಳಬೇಕು. 20 ಗುಂಟೆ ಪ್ಲಾಟು, ದಿನಕ್ಕೆ 5 ಜನ, ಬೆಳಗ್ಗೆ 3 ತಾಸು, ಮಧ್ಯಾಹ್ನದ ಮೇಲೆ 3 ತಾಸು, ಒಟ್ಟು 60 ದಿನ ಎಂದಿಟ್ಟುಕೊಳ್ಳಿ. ಹಾಜರಿಯ ಲೆಕ್ಕದಲ್ಲಿ 300 ಆಳು. ಐವರಲ್ಲಿ ಇಬ್ಬರು ಮನೆಯವರೇ ಆದರೆ ಕೂಲಿ ಕೊಟ್ಟದ್ದು 180 ಆಳಿಗೆ. ದಿನಕ್ಕೆ 300 ರೂಪಾಯಿಯಂತೆ 54,000 ರೂಪಾಯಿ. ರೈತರು ಸಾಮಾನ್ಯವಾಗಿ ಹೇಳುವ ಖರ್ಚು ಇದು. ಮನೆಯ ಇಬ್ಬರ 120 ಆಳು, ಎಂದರೆ 36,000 ರೂಪಾಯಿ, ಎಲ್ಲಿಯೂ ಬರೆದಿರುವುದಿಲ್ಲ. ಬೀಜದ ದರ ಒಪ್ಪಿಕೊಳ್ಳುವಾಗ ಕೈಯಲ್ಲಿ 54,000ದ ಲೆಕ್ಕ ಹಿಡಿದು ಕುಳಿತವರಿಗೂ 90,000ದ ಲೆಕ್ಕ ಹಿಡಿದು ಕುಳಿತವರಿಗೂ ವ್ಯತ್ಯಾಸವಿದೆ. ಮೊದಲನೆಯವರಿಗೆ ಲಾಭವಾಗಿ ಕಾಣುವ ದರ ಎರಡನೆಯವರಿಗೆ ನಷ್ಟವಾಗಿ ಕಂಡೀತು. ಮನೆಯ ಆ ಇಬ್ಬರು ಬಹುತೇಕ ಹೆಂಗಸರೇ ಆಗಿರುತ್ತಾರೆ ಎಂಬುದನ್ನೂ ಹೇಳಬೇಕು.

ಮನೆಯವರ ದುಡಿಮೆಗೆ ಬೆಲೆ ಕಟ್ಟುವುದು ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕೇಂದ್ರ ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೂ ಹೀಗೆಯೇ ಮಾಡುತ್ತದೆ. ಕೈಯಿಂದ ಕೊಟ್ಟ ಖರ್ಚನ್ನು ‘ಎ2’ ಎಂದೂ, ಅದಕ್ಕೆ ಕುಟುಂಬದ ದುಡಿಮೆಯ ಬೆಲೆ ಸೇರಿಸಿದ್ದನ್ನು ‘ಎ2 + ಎಫ್‌ಎಲ್’ ಎಂದೂ ಅದು ಕರೆಯುತ್ತದೆ. ಈ ಲೆಕ್ಕಕ್ಕೆ ಬೇಕಾದ ಮಾಹಿತಿಗಾಗಿ 1970-71ರಿಂದ ಬೇಸಾಯ ವೆಚ್ಚದ ಸಮಗ್ರ ಯೋಜನೆ ನಡೆದುಬಂದಿದೆ. ಆಯ್ದ ರೈತರ ಮನೆಗಳಲ್ಲಿ ಯಾವ ಹೊಲಕ್ಕೆ, ಯಾವ ಕೆಲಸಕ್ಕೆ, ಎಷ್ಟು ತಾಸು ಎಂದು ಕ್ಷೇತ್ರ ಸಿಬ್ಬಂದಿ ಬರೆದುಕೊಳ್ಳುತ್ತಾರೆ. ಸರ್ಕಾರಕ್ಕೆ ಬೆಲೆ ನಿಗದಿಗೆ ಬೇಕಾದ ಲೆಕ್ಕ ರೈತನಿಗೆ ತನ್ನ ಮನೆಯಲ್ಲಿ ಬೇಡವೇ?

ಹಳೆಯ ಕೃಷಿ ನಿರ್ವಹಣೆಯ ಪಾಠಗಳಲ್ಲಿ ಹೆಣ್ಣಾಳಿನ ದಿನವನ್ನು ಗಂಡಾಳಿನ ದಿನಕ್ಕಿಂತ ಕಡಿಮೆ ಎಂದು ಪರಿವರ್ತಿಸುವ ರೂಢಿಯಿತ್ತು. ಬೆರಳಿನ ನಯ ಬೇಕಾದ ಕ್ರಾಸಿಂಗ್ ಕೆಲಸದಲ್ಲಿ ಅದಕ್ಕೆ ಅರ್ಥವಿಲ್ಲ. ತಾಸನ್ನು ತಾಸು ಎಂದೇ ಬರೆಯುವುದು ಸರಿ.

ಮೊದಲು ವಹಿ

ಮೊಬೈಲಿಗೆ ಹೋಗುವ ಮುನ್ನ ಒಂದು ತಿಂಗಳು ಕಾಗದದ ವಹಿಯಲ್ಲಿ ಬರೆದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಉದ್ದಗೆರೆ ಎಳೆದು ಎಂಟು ಅಂಕಣ ಮಾಡಿಕೊಂಡರೆ ಸಾಕು: ದಿನಾಂಕ, ಹೊಲದ ಹೆಸರು, ಬೆಳೆ, ಕೆಲಸ, ಮಾಡಿದವರು, ತಾಸು, ಕೂಲಿ, ಷರಾ. ಸರ್ವೆ ನಂಬರಿಗಿಂತ ಮನೆಯಲ್ಲಿ ಕರೆಯುವ ಹೆಸರೇ ಅನುಕೂಲ: ಕೆರಿ ಹೊಲ, ಗುಡ್ಡದ ಹೊಲ, ಮಡ್ಡಿ ಎಂದು ಬರೆದರೆ ಯಾರಿಗೂ ಗೊಂದಲವಾಗದು.

ಷರಾ ಅಂಕಣವನ್ನು ಖಾಲಿ ಬಿಡಬಾರದು. ‘ಮಳೆ ಬಂದು ಮಧ್ಯಾಹ್ನ ನಿಂತಿತು’, ‘ಟ್ರ್ಯಾಕ್ಟರ್ ಬರಲಿಲ್ಲ, ನಾಲ್ವರು ಎರಡು ತಾಸು ಕಾದರು’, ‘ಸಂಜೆ ಎರಡು ಸಾಲು ಉಳಿಯಿತು’ ಎಂಬಂಥ ಮಾತುಗಳೇ ಮುಂದಿನ ವರ್ಷದ ಯೋಜನೆಗೆ ಆಧಾರ. ತಾಸಿನ ಅಂಕಿ ಎಷ್ಟು ಹೋಯಿತು ಎಂಬುದನ್ನು ಹೇಳುತ್ತದೆ, ಏಕೆ ಹೋಯಿತು ಎಂಬುದನ್ನು ಹೇಳುವುದು ಷರಾ.

ಮುಯ್ಯಾಳಿಗೆ ಕೂಲಿಯ ಅಂಕಣದಲ್ಲಿ ‘ಮುಯ್ಯಿ’ ಎಂದು ಬರೆಯಬೇಕು, ಖಾಲಿ ಬಿಡಬಾರದು. ಯಾರ ಮನೆಗೆ ಎಷ್ಟು ದಿನ ಹೋಗಿದ್ದೇವೆ, ಅವರಿಂದ ಎಷ್ಟು ಬರಬೇಕು ಎಂಬುದು ನೆನಪಿನಲ್ಲಿದ್ದಾಗ ಸ್ನೇಹ ಕೆಟ್ಟದ್ದುಂಟು. ಮುಯ್ಯಿ ಎಂದರೆ ಕೂಡ ಖರ್ಚೇ. ಅದನ್ನು ಮತ್ತೊಬ್ಬರ ಹೊಲದಲ್ಲಿ ತೀರಿಸಬೇಕು.

ಬರೆಯುವ ಹೊತ್ತು ನಿಗದಿಯಾಗಿರಲಿ. ರಾತ್ರಿ ಊಟಕ್ಕೆ ಮುನ್ನ ಐದು ನಿಮಿಷ ಸಾಕು. ವಾರಕ್ಕೊಮ್ಮೆ ಒಟ್ಟಿಗೆ ಬರೆಯುತ್ತೇನೆ ಎಂದವರ ವಹಿ ಮೂರನೆಯ ವಾರಕ್ಕೆ ನಿಲ್ಲುತ್ತದೆ. ಬರೆಯುವವರು ಯಜಮಾನರೇ ಆಗಬೇಕೆಂದಿಲ್ಲ. ಮನೆಯಲ್ಲಿ ಆಳಿನ ಹೊಣೆ ಯಾರದೋ ಅವರೇ ಬರೆಯಲಿ. ಅನೇಕ ಮನೆಗಳಲ್ಲಿ ಅದು ಮನೆಯಾಕೆ.

ಮೊಬೈಲಿನ ಹಾಳೆ ಯಾರಿಗೆ ಬೇಕು?

ಒಬ್ಬರೇ ನೋಡಿ ಒಬ್ಬರೇ ಬರೆಯುವ ಮೂರು ಎಕರೆಗೆ ವಹಿಯೇ ಸಾಕು. ಮೊಬೈಲಿಗೆ ಹಾಕಿದರೆ ಹೆಚ್ಚಿನದೇನೂ ಸಿಗದು. ಲೆಕ್ಕ ಇಬ್ಬರ ಕೈಯಲ್ಲಿ ಇರುವಾಗ ಮಾತ್ರ ಅಂತರ್ಜಾಲದ ಹಾಳೆ ಉಪಯೋಗಕ್ಕೆ ಬರುತ್ತದೆ. ಅಣ್ಣ ಹಿರೇಕೆರೂರಿನಲ್ಲಿ ಹೊಲ ನೋಡಿ ತಮ್ಮ ಹುಬ್ಬಳ್ಳಿಯಿಂದ ಹಣ ಕಳಿಸುವಾಗ, ಇಬ್ಬರು ಪಾಲಿನಲ್ಲಿ ಬೀಜದ ಪ್ಲಾಟು ಮಾಡಿದಾಗ, ಅಥವಾ ರೈತ ಉತ್ಪಾದಕರ ಕಂಪನಿಯೊಂದು ಯಂತ್ರಗಳನ್ನು ಸದಸ್ಯರಿಗೆ ಸರದಿಯಂತೆ ಬಾಡಿಗೆ ಕೊಡುವಾಗ ಎಲ್ಲರೂ ಒಂದೇ ಹಾಳೆಯನ್ನು ಕಾಣುವುದು ಅಗತ್ಯ.

ಇದಕ್ಕೆ ಗೂಗಲ್ ಶೀಟ್ಸ್‌ನಂಥ ಹಂಚಿಕೊಳ್ಳುವ ಹಾಳೆ ಸಾಕು. ಜಿಮೇಲ್ ಖಾತೆ ಇದ್ದವರಿಗೆ ಅದು ಉಚಿತ. ವಹಿಯ ಎಂಟು ಅಂಕಣಗಳನ್ನೇ ಮೇಲಿನ ಸಾಲಿನಲ್ಲಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಬಹುದು, ಬೆರಳಚ್ಚು ಬಾರದವರು ಕೀಲಿಮಣೆಯ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೂ ಅದು ಅಕ್ಷರವಾಗುತ್ತದೆ. ಬರೆಯುವವರಿಗೆ ತಿದ್ದುವ ಅನುಮತಿ, ಉಳಿದವರಿಗೆ ನೋಡುವ ಅನುಮತಿ ಮಾತ್ರ ಕೊಡಬೇಕು. ಯಾರು ಯಾವಾಗ ಯಾವ ಅಂಕಿ ಬದಲಿಸಿದರು ಎಂಬುದು ಹಾಳೆಯ ಇತಿಹಾಸದಲ್ಲಿ ಉಳಿಯುತ್ತದೆ. ಪಾಲುದಾರರ ನಡುವೆ ಈ ಒಂದು ಗುಣಕ್ಕಾಗಿಯೇ ಅದನ್ನು ಬಳಸಬಹುದು ಎಂದು ನಮ್ಮ ಅಭಿಪ್ರಾಯ.

ಕೆಲವು ತೊಡಕುಗಳನ್ನು ಮೊದಲೇ ತಿಳಿದಿರಬೇಕು. ಎರಡೂವರೆ ತಾಸನ್ನು 2:30 ಎಂದು ಬರೆದರೆ ಹಾಳೆ ಅದನ್ನು ಗಡಿಯಾರದ ಎರಡೂವರೆ ಗಂಟೆ ಎಂದು ತಿಳಿಯುತ್ತದೆ, ಕೂಡಿಸಿದಾಗ ಮೊತ್ತ ತಪ್ಪುತ್ತದೆ, 2.5 ಎಂದು ಬರೆಯಬೇಕು. 6/7 ಎಂದು ಬರೆದ ದಿನಾಂಕವನ್ನು ಅಮೆರಿಕದ ರೂಢಿಯಂತೆ ಜೂನ್ 7 ಎಂದು ಓದುವುದೂ ಉಂಟು, ಆದ್ದರಿಂದ ಹಾಳೆಯ ಸೆಟ್ಟಿಂಗಿನಲ್ಲಿ ದೇಶವನ್ನು ಭಾರತ ಎಂದು ಆರಿಸಬೇಕು. ಒಬ್ಬರನ್ನೇ ಒಂದು ದಿನ ಗಂಗವ್ವ, ಇನ್ನೊಂದು ದಿನ ಗಂಗಮ್ಮ ಎಂದು ಬರೆದರೆ ಹಾಳೆಯ ಪಾಲಿಗೆ ಅವರು ಇಬ್ಬರು. ‘ಕಳೆ’, ‘ಕಸ’ ಎಂದು ಬದಲಿಸಿ ಬರೆದರೂ ಅಷ್ಟೇ. ಹೊಲ, ಕೆಲಸ, ಹೆಸರು ಇವುಗಳ ಪಟ್ಟಿಯನ್ನು ಮೊದಲೇ ಮಾಡಿ ಅದರಿಂದಲೇ ಆರಿಸುವಂತೆ ಇಟ್ಟರೆ ಈ ತಪ್ಪು ಆಗದು. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆ ಹಾಳೆಯನ್ನು ಆಫ್‌ಲೈನಿನಲ್ಲಿಯೂ ಸಿಗುವಂತೆ ಮೊದಲೇ ಗುರುತು ಮಾಡಿಟ್ಟಿರಬೇಕು. ಊರಿಗೆ ಬಂದ ಮೇಲೆ ಅದು ತಾನಾಗಿ ಸೇರಿಕೊಳ್ಳುತ್ತದೆ.

ಯಂತ್ರಗಳ ಸರದಿಗೆ ಟ್ರೆಲ್ಲೊದಂಥ ಕಾರ್ಡಿನ ಹಲಗೆ ಅನುಕೂಲ. ಒಂದೊಂದು ಕೆಲಸಕ್ಕೆ ಒಂದು ಕಾರ್ಡು. ‘ಆಗಬೇಕಾದದ್ದು’, ‘ನಡೆದಿದೆ’, ‘ಮುಗಿದಿದೆ’ ಎಂಬ ಮೂರು ಸಾಲುಗಳಲ್ಲಿ ಅದನ್ನು ಸರಿಸುತ್ತ ಹೋಗುವುದು. ಇನ್ನು ಕೆಲಸ ಶುರುವಾದಾಗ ಒಂದು ಗುಂಡಿ, ಮುಗಿದಾಗ ಒಂದು ಗುಂಡಿ ಒತ್ತಿ ತಾಸು ಎಣಿಸುವ ಅಪ್ಲಿಕೇಶನ್ನುಗಳೂ ಇವೆ. ಮೇಜಿನ ಮುಂದೆ ಕೂತವರಿಗೆ ಅವು ಸರಿ. ಕೆಸರು ಕೈಯವರಿಗೆ ಅಲ್ಲ. ತಲೆಗೆ ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕೇಳುವಂಥವನ್ನು ಸಣ್ಣ ರೈತರು ಕೊಳ್ಳಬೇಕಾದ ಅಗತ್ಯ ಕಾಣುವುದಿಲ್ಲ.

ತಾಸು ಯೋಜನೆಗೆ, ದಿನ ಕೂಲಿಗೆ

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಲೆಕ್ಕದಲ್ಲಿ ಐವರು 60 ದಿನ ಮಾಡಿದ್ದು 1,800 ತಾಸು. ಎಂಟು ತಾಸಿಗೆ ಒಂದು ಆಳು ಎಂದು ಭಾಗಿಸಿದರೆ 225 ಆಳು ಬರುತ್ತದೆ, ಹಾಜರಿಯ 300 ಅಲ್ಲ. ಹಾಗಾದರೆ 75 ಆಳಿನ ಕೂಲಿ ಹೆಚ್ಚು ಕೊಟ್ಟಂತಾಯಿತಲ್ಲ ಎಂದು ಹಾಳೆ ನೋಡಿದವರಿಗೆ ಅನ್ನಿಸುವುದು ಸಹಜ. ಅದು ತಪ್ಪು ತಿಳಿವಳಿಕೆ. ಕ್ರಾಸಿಂಗಿಗೆ ಬಂದವರು ಬೆಳಗ್ಗೆ ಬಂದು ಸಂಜೆ ಹೋಗುತ್ತಾರೆ. ನಡುವಿನ ಬಿಸಿಲು ಹೊತ್ತಿನಲ್ಲಿ ಅವರು ಬೇರೆ ಕಡೆ ಕೂಲಿಗೆ ಹೋಗುವಂತಿಲ್ಲ. ಆ ಹೊತ್ತನ್ನು ತಡೆದಿಟ್ಟದ್ದು ಹೂವಿನ ಧರ್ಮ, ಕೂಲಿಯವರ ಸೋಮಾರಿತನ ಅಲ್ಲ. ಆದ್ದರಿಂದ ಕೂಲಿಯನ್ನು ಮಾತಾಡಿಕೊಂಡಂತೆ ದಿನದ ಮೇಲೆಯೇ ಕೊಡಬೇಕು. ತಾಸಿನ ಅಂಕಣ ಇರುವುದು ಮುಂದಿನ ವರ್ಷ ಯಾವ ವಾರಕ್ಕೆ ಎಷ್ಟು ಜನ ಬೇಕೆಂದು ತಿಳಿಯಲಿಕ್ಕೆ. ಮಳೆ ಬಂದು ಅರ್ಧ ದಿನಕ್ಕೆ ಕೆಲಸ ನಿಂತರೆ ಕೂಲಿ ಎಷ್ಟು ಎಂಬುದನ್ನೂ ಹಂಗಾಮಿನ ಮೊದಲೇ ಮಾತಾಡಿ ವಹಿಯ ಮೊದಲ ಪುಟದಲ್ಲಿ ಬರೆದಿಡುವುದು ಲೇಸು.

ಮೊಬೈಲಿನ ಹಾಜರಿ ಹಳ್ಳಿಗೆ ಹೊಸದಲ್ಲ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ದಿನಕ್ಕೆರಡು ಬಾರಿ ಫೋಟೋ ತೆಗೆದು ಹಾಜರಿ ಹಾಕುವುದನ್ನು ಕಡ್ಡಾಯ ಮಾಡಲಾಯಿತು. ನೆಟ್‌ವರ್ಕ್ ಇಲ್ಲದೆ ಹಾಜರಿ ತಪ್ಪಿದರೆ ಕೂಲಿಗೇ ಕುತ್ತು ಎಂಬ ದೂರು ಆಗ ದೇಶದ ಹಲವೆಡೆ ಕೇಳಿಬಂತು. ಮಾಡಿದ ಕೆಲಸ ಹಾಳೆಯಲ್ಲಿ ಏರಲಿಲ್ಲವೆಂದು ಕೂಲಿ ತಪ್ಪುವುದು ನಮ್ಮ ಹೊಲಗಳಲ್ಲಿ ಆಗಬಾರದು. ವಾರದ ಬಟವಾಡೆಯ ದಿನ ಹಾಳೆಯನ್ನು ಕೂಲಿಯವರ ಮುಂದೆ ಓದಿ ಹೇಳಿ, ಅವರು ಹೌದೆಂದ ಮೇಲೆಯೇ ಹಣ ಎಣಿಸಬೇಕು. ಅವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಹಂಚಿಕೊಂಡ ಹಾಳೆಯಲ್ಲಿ ಬರೆಯಬಾರದು.

ಬೀಜದ ಪ್ಲಾಟಿನವರು ಆಳಿನ ಪಟ್ಟಿಯಲ್ಲಿ ವಯಸ್ಸನ್ನೂ ಬರೆಯಬೇಕು. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ತೆಗೆದುಕೊಳ್ಳುವುದನ್ನು 2016ರ ತಿದ್ದುಪಡಿಯಾದ ಕಾಯ್ದೆ ನಿಷೇಧಿಸಿದೆ. ಎಳೆಯ ಬೆರಳು ಚುರುಕು ಎಂಬ ಹಳೆಯ ಮಾತನ್ನು ಮುಂದಿಟ್ಟು ಶಾಲೆ ಬಿಡಿಸಿ ಕರೆತರುವುದು ಈ ಬೆಳೆಗೆ ಅಂಟಿದ್ದ ದೊಡ್ಡ ಕಳಂಕ. ಆಳು ಸಾಲದ ವಾರ ಯಾವುದೆಂದು ಮೊದಲೇ ಗೊತ್ತಿದ್ದರೆ ದೊಡ್ಡವರನ್ನೇ ಮುಂಚಿತವಾಗಿ ಗೊತ್ತು ಮಾಡಬಹುದು.

ಹಂಗಾಮು ಮುಗಿದ ಮೇಲೆ

ರಾಶಿ ಆದ ಮೇಲೆ ಒಂದು ಸಂಜೆ ಮನೆಯವರೆಲ್ಲ ಕೂತು ಹಾಳೆಯನ್ನು ಮೂರು ಬಗೆಯಲ್ಲಿ ಕೂಡಿಸಿ ನೋಡಬೇಕು. ಮೊದಲು ಹೊಲವಾರು: ಯಾವ ಹೊಲದ ಎಕರೆಗೆ ಎಷ್ಟು ಆಳು ಬಿದ್ದವು. ಬಳಿಕ ಕೆಲಸವಾರು. ಕೊನೆಗೆ ವಾರವಾರು, ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ಇದೇ. ಕ್ರಾಸಿಂಗಿನ ನಡುವಿನ ವಾರಗಳಲ್ಲಿ ಹೂವಿನ ಭರ ಹೆಚ್ಚು. ‘ಸಾಲು ಉಳಿಯಿತು’ ಎಂಬ ಷರಾಗಳು ಅಲ್ಲಿಯೇ ಗುಂಪಾಗಿ ಬಿದ್ದಿದ್ದರೆ ಮುಂದಿನ ವರ್ಷ ಆ ವಾರಗಳಿಗೆ ಮಾತ್ರ ಇಬ್ಬರು ಹೆಚ್ಚಿಗೆ ಬೇಕು, ಅಥವಾ ಪ್ಲಾಟನ್ನು 20 ಗುಂಟೆಯಿಂದ 15ಕ್ಕೆ ಇಳಿಸಬೇಕು. ಭತ್ತದಲ್ಲಿ ಕಳೆಯ ವಾರ ಪ್ರತಿ ವರ್ಷ ಕೈಮೀರುತ್ತಿದ್ದರೆ ಎಲ್ಲ ಗದ್ದೆಯನ್ನೂ ಒಂದೇ ದಿನ ಬಿತ್ತದೆ ಮಣ್ಣಿನ ಹದ ನೋಡಿ ಎರಡು ಕಂತಿನಲ್ಲಿ ಬಿತ್ತುವುದನ್ನು ಯೋಚಿಸಬಹುದು.

ಹೀಗೆ ನೋಡಿದಾಗ ಕೆಲವೊಮ್ಮೆ ಮನಸ್ಸಿಗೆ ಹಿಡಿಸದ ಉತ್ತರವೂ ಬರುತ್ತದೆ. ತಲೆಮಾರಿನಿಂದ ಬಂದ ಬೆಳೆ ಮನೆಯವರ ದುಡಿಮೆಗೆ ಊರಿನ ಕೂಲಿಯಷ್ಟೂ ಕೊಡುತ್ತಿಲ್ಲ ಎಂದು ತಿಳಿಯಬಹುದು. ಆದರೂ ಆ ಬೆಳೆಯನ್ನು ಬಿಡಬೇಕೆಂದೇನೂ ಇಲ್ಲ. ಮೇವು, ಮನೆಯ ಊಟ, ಎಲೆತೋಟದ ವಾರದ ಕೈಖರ್ಚು ಇವಕ್ಕೂ ಬೆಲೆಯಿದೆ. ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಮನೆಯವರು, ಅದರಲ್ಲೂ ಆ ತಾಸುಗಳನ್ನು ದುಡಿದವರು, ಅಂಕಿ ಮುಂದಿಟ್ಟುಕೊಂಡು ತೀರ್ಮಾನಿಸಲಿ.

ವರ್ಷದ ಹಾಳೆಯನ್ನು ಹಾಗೆಯೇ ಉಳಿಸಿ, ಮುಂದಿನ ವರ್ಷಕ್ಕೆ ಹೊಸ ಹಾಳೆ ತೆರೆಯಬೇಕು. ಒಟ್ಟು ಮೊತ್ತದ ಒಂದು ಪುಟವನ್ನು ಕಾಗದದ ಮೇಲೆ ತೆಗೆಸಿ ವಹಿಗೆ ಅಂಟಿಸಿಟ್ಟರೆ ಮೊಬೈಲು ಬದಲಾದರೂ ಅದು ಉಳಿಯುತ್ತದೆ. ಬೆಳೆಯ ಕೆಲಸಗಳಲ್ಲಿ ಕಾಯುವುದು ಯಾವುದು, ಕಾಯದಿರುವುದು ಯಾವುದು ಎಂಬುದನ್ನು ವಿಂಗಡಿಸುವಾಗ ಸಂದೇಹ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ವಹಿಯನ್ನು ಜೊತೆಗೆ ಒಯ್ಯಬೇಕು.